ಬಳೆ ತಾಕಿದರೂ ಉರಿಯುವ ಕೈ: ರಿಪೋರ್ಟ್ ನಾರ್ಮಲ್ ಬಂದರೆ ನೋವು ಸುಳ್ಳೇ?

ಪ್ರಶ್ನೆ: ನನಗೆ 43 ವರ್ಷ. ಗದಗ ಜಿಲ್ಲೆಯವಳು. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ಮೊದಲು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದೆ. ಎರಡು ವರ್ಷದ ಹಿಂದೆ ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗತೊಡಗಿತು. ಕೈ ಕೊಡವಿದರೆ ಸರಿಹೋಗುತ್ತಿತ್ತು. ಕಾರ್ಪಲ್ ಟನಲ್ ತೊಂದರೆ ಎಂದು ಹೇಳಿ ಎಂಟು ತಿಂಗಳ ಹಿಂದೆ ಆಪರೇಷನ್ ಮಾಡಿದರು. ಜೋಮು ಹೋಯಿತು. ಆದರೆ ಮೂರನೇ ತಿಂಗಳಿಂದ ಮಣಿಕಟ್ಟಿನಿಂದ ಮೊಣಕೈವರೆಗೆ, ಒಮ್ಮೊಮ್ಮೆ ಭುಜದವರೆಗೂ ಉರಿ, ಸೆಳೆತ. ಬಳೆ ತಾಕಿದರೆ, ಸೀರೆಯ ಸೆರಗು ಸವರಿದರೆ ಕೈ ಕಿತ್ತುಕೊಳ್ಳುವ ಹಾಗಾಗುತ್ತದೆ. ನರದ ಟೆಸ್ಟ್ ಮತ್ತೆ ಮಾಡಿಸಿದೆ, ನಾರ್ಮಲ್ ಬಂತು. ‘ಎಲ್ಲಾ ಸರಿ ಐತಿ, ತಲ್ಯಾಗ ಇಟ್ಕೋಬ್ಯಾಡ್ರಿ’ ಅಂದರು ಒಬ್ಬ ಡಾಕ್ಟರು. ಇನ್ನೊಬ್ಬರು ಮತ್ತೆ ಕೊಯ್ದು ನೋಡೋಣ ಅನ್ನುತ್ತಾರೆ. ದಿನವಿಡೀ ಪಟ್ಟಿ ಸುತ್ತಿಕೊಂಡೇ ಇರುತ್ತೇನೆ. ನನ್ನ ನೋವು ಸುಳ್ಳಾ? ಮತ್ತೆ ಆಪರೇಷನ್ ಬೇಕಾ? ರೊಟ್ಟಿ ಬಿಟ್ಟುಬಿಡಲಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೆ ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೋವು ಸುಳ್ಳಲ್ಲ. ಎರಡನೇ ಆಪರೇಷನ್‌ಗೆ ಈಗಲೇ ಒಪ್ಪಬೇಡಿ, ಅದಕ್ಕೂ ಮುಂಚೆ ನೋಡಬೇಕಾದ ಸಂಗತಿಗಳಿವೆ. ರೊಟ್ಟಿ ಪೂರ್ತಿ ಬಿಡುವುದೂ ಬೇಡ, ಇನ್ನೂರರ ಲೆಕ್ಕಕ್ಕೆ ಈಗಲೇ ಮರಳುವುದೂ ಬೇಡ. ಎರಡರ ನಡುವೆ ನಿಧಾನದ ಒಂದು ದಾರಿಯಿದೆ. ನಾನು ನಿಮ್ಮ ಕೈ ಮುಟ್ಟಿ ಪರೀಕ್ಷಿಸಿಲ್ಲ. ಹಾಗಾಗಿ ಇಲ್ಲಿ ಬರೆದದ್ದನ್ನು ನಿಮ್ಮನ್ನು ನೋಡುವ ವೈದ್ಯರ ಮುಂದಿಟ್ಟು ಮಾತಾಡಿ, ಇದೇ ಕೊನೆಯ ತೀರ್ಮಾನ ಎಂದುಕೊಳ್ಳಬೇಡಿ.

ಕೈ ನೋವಿನವರನ್ನು ನೋಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಶುರುವಿನ ದಿನಗಳಲ್ಲಿ ನಾನೂ ಒಬ್ಬ ಹೆಣ್ಣುಮಗಳಿಗೆ ‘ರಿಪೋರ್ಟ್ ಚೆನ್ನಾಗಿದೆಯಮ್ಮ, ಏನೂ ಇಲ್ಲ’ ಎಂದು ಹೇಳಿ ಕಳಿಸಿದ್ದೆ. ಆಕೆ ಎದ್ದು ಹೋಗುವಾಗ ಎಡಗೈಯಿಂದ ಬಲಗೈಯನ್ನು ಮಗುವಿನಂತೆ ಎತ್ತಿ ಎದೆಗೆ ಹಿಡಿದುಕೊಂಡು ಹೋದರು. ನಟಿಸುವವರು ಹಾಗೆ ಕೈ ಹಿಡಿಯುವುದಿಲ್ಲ. ಆ ನೋಟ ನನ್ನನ್ನು ಬಹಳ ಕಾಡಿದೆ. ಆದ್ದರಿಂದ ನಿಮ್ಮ ರಿಪೋರ್ಟ್‌ನಿಂದಲೇ ಶುರು ಮಾಡುತ್ತೇನೆ.

ನರದ ಟೆಸ್ಟ್ ಅಂದರೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು, ಸುದ್ದಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುವುದು. ಒಂದು ನರದೊಳಗೆ ಸಾವಿರಾರು ಎಳೆಗಳಿರುತ್ತವೆ. ದಪ್ಪನೆಯವು ಸ್ಪರ್ಶದ ಸುದ್ದಿ ಒಯ್ಯುತ್ತವೆ, ಬೆರಳು ಆಡಿಸುವ ಅಪ್ಪಣೆ ತರುತ್ತವೆ. ಅವುಗಳ ಓಟ ಸೆಕೆಂಡಿಗೆ ಸುಮಾರು 50 ಮೀಟರ್. ತೀರಾ ತೆಳುವಾದ ಎಳೆಗಳು ಉರಿ, ಬಿಸಿ, ಮಂದವಾದ ನೋವಿನ ಸುದ್ದಿ ಒಯ್ಯುತ್ತವೆ. ಅವು ಹೋಗುವುದು ಸೆಕೆಂಡಿಗೆ 1 ಮೀಟರ್ ಆಸುಪಾಸು. ಹಂಚು ತಾಕಿದ ಕೂಡಲೇ ಮೊದಲು ಚುರ್ ಅಂದು ಕೈ ಹಿಂದಕ್ಕೆ ಬರುತ್ತದೆ, ಉರಿ ಒಂದು ಕ್ಷಣ ತಡವಾಗಿ ಏರುತ್ತದಲ್ಲ, ಆ ತಡ ಈ ತೆಳು ಎಳೆಗಳದು. ನಿಮಗೆ ಮಾಡಿದ ಟೆಸ್ಟ್ ಅಳೆಯುವುದು ದಪ್ಪ ಎಳೆಗಳನ್ನು ಮಾತ್ರ. ತೆಳು ಎಳೆಗಳ ಸುದ್ದಿಯೇ ಅದರಲ್ಲಿ ಬರುವುದಿಲ್ಲ. ‘ನಾರ್ಮಲ್’ ಅಂದರೆ ದಪ್ಪ ಎಳೆಗಳ ಓಟ ಸರಿಯಾಗಿದೆ ಎಂದಷ್ಟೇ ಅರ್ಥ. ಅದು ಒಳ್ಳೆಯ ಸುದ್ದಿ, ನಿಮ್ಮ ಮೊದಲ ಆಪರೇಷನ್ ತನ್ನ ಕೆಲಸ ಮಾಡಿದೆ ಎನ್ನುವುದಕ್ಕೆ ಸಾಕ್ಷಿ. ನೋವಿಲ್ಲ ಎನ್ನುವುದಕ್ಕೆ ಮಾತ್ರ ಅದು ಸಾಕ್ಷಿಯಾಗಲಾರದು.

ಆಪರೇಷನ್‌ನಲ್ಲಿ ಆದದ್ದೇನು ಎಂದೂ ತಿಳಿದಿರಲಿ. ಮಣಿಕಟ್ಟಿನ ಎಲುಬುಗಳು ಕೆಳಗೆ ತೊಟ್ಟಿಲಿನಂತೆ ಬಾಗಿವೆ, ಮೇಲೆ ಗಟ್ಟಿಯಾದ ಒಂದು ಪಟ್ಟಿ ಚಾವಣಿಯಂತೆ ಕೂತಿದೆ. ಆ ಇಕ್ಕಟ್ಟಾದ ಸುರಂಗವೇ ಕಾರ್ಪಲ್ ಟನಲ್. ಅದರಲ್ಲಿ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು, ಅವುಗಳ ಜೊತೆ ಒಂದೇ ಒಂದು ನರ. ಅದರ ಹೆಸರು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗದ ಸ್ಪರ್ಶ ಅದರ ಪಾಲು. ಅಂಗೈ ಹಿಂದಕ್ಕೆ ಬಾಗಿಸಿ ರೊಟ್ಟಿ ಬಡಿಯುವಾಗ ಆ ಸುರಂಗದ ಒತ್ತಡ ಏರುತ್ತದೆ, ಪ್ರತಿ ಬಡಿತದ ಅದುರು ಬೇರೆ. ವರ್ಷಗಟ್ಟಲೆ ಹಾಗಾದಾಗ ನರಕ್ಕೆ ರಕ್ತ ಕಮ್ಮಿಯಾಗಿ ರಾತ್ರಿ ಜೋಮು ಶುರುವಾಗುತ್ತದೆ. ಸರ್ಜನ್ ಆ ಚಾವಣಿಯನ್ನು ಕತ್ತರಿಸಿ ಜಾಗ ಮಾಡಿಕೊಟ್ಟರು. ಜೋಮು ಹೋದದ್ದು ಅದಕ್ಕೇ.

ಹಾಗಾದರೆ ಉರಿ ಎಲ್ಲಿಂದ ಬಂತು?

ನರ ಎಂದರೆ ನಾವು ಕರೆಂಟಿನ ವೈರ್ ಎಂದುಕೊಳ್ಳುತ್ತೇವೆ. ಆದರೆ ನರಕ್ಕೆ ಜೀವವಿದೆ. ಅದಕ್ಕೆ ಅದರದೇ ರಕ್ತನಾಳಗಳಿವೆ, ಅದರ ಹೊದಿಕೆಯಲ್ಲಿ ನೋವು ತಿಳಿಯುವ ಅದರದೇ ಪುಟ್ಟ ನರಗಳಿವೆ. ನೀವು ಮೊಣಕೈ ಚಾಚಿದಾಗ, ಕತ್ತು ವಾಲಿಸಿದಾಗ, ಬೆರಳು ಹಿಂದಕ್ಕೆ ಬಾಗಿಸಿದಾಗ ನರ ತನ್ನ ದಾರಿಯಲ್ಲಿ ಜಾರುತ್ತದೆ, ಸ್ವಲ್ಪ ಹಿಗ್ಗುತ್ತದೆ. ಆರೋಗ್ಯವಾಗಿರುವ ನರಕ್ಕೆ ಇದೆಲ್ಲ ಲೆಕ್ಕಕ್ಕಿಲ್ಲ. ಬಹುಕಾಲ ಒತ್ತಿಸಿಕೊಂಡು ಕೆರಳಿದ ನರ ಹಾಗಲ್ಲ. ಅದರ ಮೈಮೇಲೆ ವಿದ್ಯುತ್ ಸಂಕೇತ ಹುಟ್ಟಿಸುವ ಸಣ್ಣ ಬಾಗಿಲುಗಳು ಹೆಚ್ಚುತ್ತವೆ. ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸವಾಗಿತ್ತು. ಈಗ ನಡುದಾರಿಯಲ್ಲಿ ತಾನೇ ಸುದ್ದಿ ಹುಟ್ಟಿಸತೊಡಗುತ್ತದೆ. ಸಣ್ಣ ಎಳೆತಕ್ಕೂ ಚಳಕು ಹೊಡೆಯುತ್ತದೆ. ಬಟ್ಟೆ ಹಿಂಡುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ ಉರಿ ಏರುತ್ತದೆಯೇ ಗಮನಿಸಿ. ಏರುತ್ತಿದ್ದರೆ ಅದು ಇದರದೇ ಗುರುತು.

ಎರಡನೆಯ ಬದಲಾವಣೆ ಆಗುವುದು ಕೈಯಲ್ಲಲ್ಲ, ಬೆನ್ನುಹುರಿಯಲ್ಲಿ. ನೋವಿನ ಸುದ್ದಿ ಹಗಲೂರಾತ್ರಿ ಬಂದು ಬಾಗಿಲು ಬಡಿದರೆ, ಅಲ್ಲಿ ಕೂತು ಸುದ್ದಿ ತೆಗೆದುಕೊಳ್ಳುವ ಜೀವಕೋಶಗಳು ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುವುದಿಲ್ಲ. ಬದಲಿಗೆ ಇನ್ನಷ್ಟು ಚುರುಕಾಗುತ್ತವೆ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು: ಗಾಯವಾದ ಮೇಲೆ ಬೆನ್ನುಹುರಿಯೇ ಹೆಚ್ಚು ಕೆರಳುವ ಸ್ಥಿತಿಗೆ ಹೋಗುತ್ತದೆ. ಒಮ್ಮೆ ಕಳ್ಳ ನುಗ್ಗಿಹೋದ ಮನೆಯ ನಾಯಿಯನ್ನು ನೋಡಿದ್ದೀರಲ್ಲ. ಅಲ್ಲಿಂದ ಮುಂದೆ ಅದು ಹಾಲಿನವನಿಗೂ ಬೊಗಳುತ್ತದೆ, ಎಲೆ ಅಲುಗಿದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ, ಅದರ ಕಾವಲು ಅತಿಯಾಗಿದೆ ಅಷ್ಟೇ. ಬಳೆಯ ಸ್ಪರ್ಶದ ಸುದ್ದಿ ಸ್ಪರ್ಶವಾಗಿಯೇ ಹೊರಡುತ್ತದೆ, ಬೆನ್ನುಹುರಿ ದಾಟುವಾಗ ನೋವಾಗಿ ಬದಲಾಗುತ್ತದೆ. ಮಣಿಕಟ್ಟಿನಲ್ಲಿ ಶುರುವಾದದ್ದು ಭುಜದವರೆಗೆ ಹಬ್ಬುವುದೂ ಹೀಗೇ, ಪಕ್ಕಪಕ್ಕದ ಜೀವಕೋಶಗಳು ಒಂದನ್ನು ನೋಡಿ ಒಂದು ಎದ್ದು ಕೂತಂತೆ. ಒಂದೇ ಕೈಗೆ ಕಾರ್ಪಲ್ ಟನಲ್ ತೊಂದರೆಯಿದ್ದವರ ಇನ್ನೊಂದು ಕೈಯಲ್ಲೂ ಒತ್ತಡ ತಾಳುವ ಶಕ್ತಿ ಕಮ್ಮಿಯಾಗಿರುವುದನ್ನು ಅಳೆದು ನೋಡಿದ್ದಾರೆ.

ಇದು ಇವತ್ತಿನ ಕಾಯಿಲೆಯೂ ಅಲ್ಲ. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಗುಲಿ ನರಕ್ಕೆ ಪೆಟ್ಟಾದ ಸೈನಿಕರನ್ನು ಫಿಲಡೆಲ್ಫಿಯಾದಲ್ಲಿ ಸೈಲಾಸ್ ವಿಯರ್ ಮಿಚೆಲ್ ಎಂಬ ವೈದ್ಯರು ನೋಡಿಕೊಳ್ಳುತ್ತಿದ್ದರು. ಗಾಯ ಮಾಗಿತ್ತು, ಆದರೆ ಕೈ ಉರಿಯುತ್ತಿತ್ತು. ಕೆಲವರು ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು. ಪೇಪರ್ ಸರಬರ ಅಂದರೆ, ಯಾರಾದರೂ ಜೋರಾಗಿ ಹೆಜ್ಜೆಯಿಟ್ಟು ನಡೆದರೆ ಅವರಿಗೆ ನೋವು ಏರುತ್ತಿತ್ತು. ಮಿಚೆಲ್ ಅದನ್ನು ನಾಟಕ ಎನ್ನಲಿಲ್ಲ, ಬರೆದಿಟ್ಟರು, ಉರಿಯುವ ನೋವು ಎನ್ನುವ ಅರ್ಥದ ಗ್ರೀಕ್ ಪದಗಳಿಂದ ಅದಕ್ಕೆ ಕಾಸಾಲ್ಜಿಯಾ ಎಂದು ಹೆಸರಿಟ್ಟರು. ನಿಮ್ಮ ಬಳೆಯ ಮಾತು ಓದಿದಾಗ ನನಗೆ ಆ ಸೈನಿಕರು ನೆನಪಾದರು.

ಮನೆಯವರಿಗೆ ಇನ್ನೊಂದು ಮಾತು ಓದಿ ಹೇಳಿ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆದಾಗ ಅದರ ಜೊತೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಸೇರಿಸಿತು: ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು. ‘ತಲೆಯಲ್ಲಿ ಇಟ್ಟುಕೊಳ್ಳಬೇಡಿ’ ಎಂದವರು ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನಿಮಗೆ ನಿದ್ದೆ ಹೋಗಿರುತ್ತದೆ, ಮತ್ತು ನಿದ್ದೆಗೆಟ್ಟ ಮರುದಿನ ನೋವು ಹೆಚ್ಚಾಗಿಯೇ ಆಗುತ್ತದೆ. ಮನಸ್ಸಿಗೂ ನೋವಿಗೂ ಸಂಬಂಧವಿದೆ. ಕಳವಳ, ಅವಮಾನ, ಸಾಲದ ಚಿಂತೆ ಇವೆಲ್ಲ ಬೆನ್ನುಹುರಿಯ ಕಾವಲನ್ನು ಬಿಗಿ ಮಾಡುತ್ತವೆ. ಅದು ನರಮಂಡಲದ ಕೆಲಸದ ರೀತಿ, ನಿಮ್ಮ ಮನಸ್ಸಿನ ದೌರ್ಬಲ್ಯ ಎಂದು ಯಾರಾದರೂ ಅಂದರೆ ಒಪ್ಪಬೇಡಿ.

ಈಗ ಎರಡನೇ ಆಪರೇಷನ್ ವಿಷಯ. ಈ ಆಪರೇಷನ್ ಆದ ಮೇಲೂ ತೊಂದರೆ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ: ಹಳೆಯ ತೊಂದರೆ ಹೋಗಲೇ ಇಲ್ಲವೇ, ಹೋಗಿ ಮತ್ತೆ ಬಂತೇ, ಅಥವಾ ಇದು ಬೇರೆಯದೇ ತೊಂದರೆಯೇ? ಹೋಗಲೇ ಇಲ್ಲ ಎಂದರೆ ಚಾವಣಿ ಪೂರ್ತಿ ಕತ್ತರಿಸಿರಲಿಕ್ಕಿಲ್ಲ, ಇಲ್ಲವೇ ಮೊದಲಿನ ರೋಗನಿರ್ಣಯವೇ ತಪ್ಪಿರಬಹುದು. ಕತ್ತಿನ ಎಲುಬಿನ ಹತ್ತಿರ ನರದ ಬೇರು ಒತ್ತಿಕೊಂಡರೂ ಇದೇ ಬೆರಳುಗಳು ಜೋಮು ಹಿಡಿಯುತ್ತವೆ. ಹೋಗಿ ಕೆಲವು ತಿಂಗಳ ಬಳಿಕ ಅದೇ ರಾತ್ರಿಯ ಜೋಮು ಮರಳಿದರೆ, ಗಾಯದ ಕಲೆ ಒಳಗೆ ನರವನ್ನು ಹಿಡಿದಿರಬಹುದು. ಈ ಎರಡರಲ್ಲೂ ಮತ್ತೊಂದು ಆಪರೇಷನ್ ಬಗ್ಗೆ ಯೋಚಿಸಬಹುದು. ನಿಮ್ಮದು ಮೂರನೆಯದು. ಜೋಮು ಹೋಗಿದೆ, ಬಂದದ್ದು ಉರಿ. ಸ್ವಭಾವವೇ ಬೇರೆ. ಕೆರಳಿದ ನರದ ಮೇಲೆ ಗಟ್ಟಿ ಕಾರಣವಿಲ್ಲದೆ ಮತ್ತೆ ಕತ್ತರಿ ಹಾಕಿದರೆ ಅದು ಇನ್ನಷ್ಟು ಕೆರಳುವ ಸಾಧ್ಯತೆಯೇ ಹೆಚ್ಚು.

ಒಂದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಬೇಕು. ಅಂಗೈ ಬುಡದ ಚರ್ಮಕ್ಕೆ ಸ್ಪರ್ಶ ಕೊಡುವ ಸಣ್ಣ ಕವಲೊಂದು ಸುರಂಗಕ್ಕೆ ಹೋಗುವ ಮುಂಚೆಯೇ ಮೀಡಿಯನ್ ನರದಿಂದ ಒಡೆದು ಬರುತ್ತದೆ. ಅದು ಹೊಲಿಗೆಯ ಗೆರೆಯ ಹತ್ತಿರದಲ್ಲೇ ಹಾಯುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ಕಲೆಯ ಮೇಲೆ ಪೆನ್ನಿನ ತುದಿಯಷ್ಟು ಜಾಗದಲ್ಲಿ ತಟ್ಟಿದರೆ ಕರೆಂಟ್ ಹೊಡೆದ ಹಾಗಾಗುತ್ತದೆ, ಪಕ್ಕಕ್ಕೆ ಒಂದು ಬೆರಳು ಸರಿದರೆ ಏನೂ ಇರುವುದಿಲ್ಲ. ಹಾಗಿದ್ದರೆ ಕೈಯ ಸರ್ಜನ್ ನೋಡಲೇಬೇಕು. ಅಂಗೈ ಬುಡದ ಎರಡೂ ದಿಂಡಿನಲ್ಲಿ ಒತ್ತಿದರೆ ಮಂದವಾಗಿ ನೋಯುವುದು ಬೇರೆ. ಆ ನೋವು ಈ ಆಪರೇಷನ್ ಆದ ಬಹಳ ಜನರಿಗೆ ಇರುತ್ತದೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಇಳಿಯುತ್ತದೆ.

ಹಾಗೆ ತಟ್ಟಿ ನೋಡುವ ಪರೀಕ್ಷೆ ಹಳೆಯದು. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಫ್ರಾನ್ಸಿನ ಜೂಲ್ ಟಿನೆಲ್ 1915ರಲ್ಲಿ ವಿವರಿಸಿದ್ದು. ಪೆಟ್ಟಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮರಳಿ ಬೆಳೆಯುತ್ತದೆ, ಬೆಳೆಯುತ್ತಿರುವ ತುದಿಯ ಮೇಲೆ ತಟ್ಟಿದರೂ ಜುಮ್ ಅನ್ನುತ್ತದೆ. ಜುಮ್ ಅನ್ನುವ ಜಾಗ ತಿಂಗಳಿಂದ ತಿಂಗಳಿಗೆ ಬೆರಳತ್ತ ಸರಿಯುತ್ತಿದ್ದರೆ ಅದು ವಾಸಿಯಾಗುವ ಗುರುತು. ಆದ್ದರಿಂದ ಕೈ ಜುಮ್ ಅಂದ ಕೂಡಲೇ ಏನೋ ಹಾಳಾಯಿತೆಂದು ಗಾಬರಿಯಾಗಬೇಡಿ.

ತಡಮಾಡಬಾರದ ಸಂಗತಿಗಳನ್ನೂ ಹೇಳಬೇಕು. ಕೈ ಊದಿಕೊಂಡು, ಒಂದು ಹೊತ್ತು ಕೆಂಪಗೆ ಬಿಸಿಯಾಗಿ ಇನ್ನೊಂದು ಹೊತ್ತು ನೀಲಿಯಾಗಿ ತಣ್ಣಗಾಗುತ್ತಿದ್ದರೆ, ಆ ಕೈ ಮಾತ್ರ ಬೆವರುತ್ತಿದ್ದರೆ, ಉಗುರು ಮತ್ತು ರೋಮದ ಬೆಳವಣಿಗೆ ಬದಲಾಗಿದ್ದರೆ, ಬೆರಳು ಬಿಗಿಯುತ್ತಿದ್ದರೆ ಅದು ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಎಂಬ ತೊಂದರೆಯಿರಬಹುದು. ಮಣಿಕಟ್ಟು ಮುರಿದ ಮೇಲೆ ಅಥವಾ ಆಪರೇಷನ್ ಆದ ಮೇಲೆ ಕೆಲವರಿಗೆ ಬರುತ್ತದೆ, ಬೇಗ ಹಿಡಿದಷ್ಟೂ ಒಳ್ಳೆಯದು. ಹೆಬ್ಬೆರಳ ಬುಡದ ಮಾಂಸಖಂಡ ತಗ್ಗಿದರೆ, ಕೈಯಿಂದ ವಸ್ತು ಜಾರಿ ಬೀಳುತ್ತಿದ್ದರೆ, ಎರಡೂ ಕೈ ಜೋಮಿನ ಜೊತೆ ನಡಿಗೆಯೂ ತೊಡರಿದರೆ ವಾರಗಟ್ಟಲೆ ಕಾಯಬೇಡಿ. ಸಕ್ಕರೆ, ಥೈರಾಯ್ಡ್, ಬಿ12 ಈ ಮೂರು ರಕ್ತಪರೀಕ್ಷೆ ಒಮ್ಮೆ ಮಾಡಿಸಿ. ಮಾಂಸಾಹಾರ ಮಾಡದವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಮ್ಮಿಯಾಗಿರುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ನಮ್ಮ ಕಡೆ ಮರೆಯಲೇಬಾರದ ಇನ್ನೊಂದಿದೆ, ಕುಷ್ಠ. ಹೆಸರು ಕೇಳಿದರೆ ಜನ ಮುಖ ತಿರುಗಿಸುತ್ತಾರೆ, ಅದಕ್ಕೇ ತಡವಾಗುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ, ಮೊಣಕೈ ಒಳಬದಿಯಲ್ಲಿ ಹಗ್ಗದಂತೆ ದಪ್ಪಗಾದ ನರ, ಕಿರುಬೆರಳು ಮಡಚಿಕೊಳ್ಳುವುದು ಅದರ ಗುರುತುಗಳು. ನಿಮ್ಮ ಪತ್ರದಲ್ಲಿ ಅವು ಯಾವುವೂ ಇಲ್ಲ, ಆದರೂ ಕೈ ನೋಡುವವರು ಒಮ್ಮೆ ಮೊಣಕೈ ನರವನ್ನು ಮುಟ್ಟಿ ನೋಡಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದರ ಔಷಧಿ ಉಚಿತ, 6 ಅಥವಾ 12 ತಿಂಗಳ ಚಿಕಿತ್ಸೆ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಕುಷ್ಠದ ಕೈಗಳನ್ನು ಸರಿಪಡಿಸಲು ತೊಡಗಿದ ಸರ್ಜನ್ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದು ನಿಮ್ಮ ಸ್ಥಿತಿಯ ಇನ್ನೊಂದು ತುದಿ. ಆ ರೋಗಿಗಳ ಬೆರಳು ತಾನಾಗಿ ಕೊಳೆತು ಬೀಳುತ್ತಿರಲಿಲ್ಲ. ನೋವೇ ತಿಳಿಯದ್ದರಿಂದ ಬಿಸಿ ಪಾತ್ರೆ ಹಿಡಿದು, ಗಾಯದ ಮೇಲೆ ಗಾಯ ಮಾಡಿಕೊಂಡು ಕೈ ಸವೆಸಿಕೊಳ್ಳುತ್ತಿದ್ದರು. ನೋವು ಕಾವಲುಗಾರ ಎಂಬುದು ಅದಕ್ಕೇ ನಿಜ. ನಿಮ್ಮ ಕೈಯಲ್ಲಿ ಆ ಕಾವಲು ಮಿತಿಮೀರಿದೆ. ಅದನ್ನು ಕಿತ್ತೊಗೆಯಲು ಆಗದು, ತಗ್ಗಿಸಬಹುದು.

ತಗ್ಗಿಸುವುದು ಹೇಗೆ? ಮೊದಲ ಕೆಲಸ, ಹಗಲಿನ ಪಟ್ಟಿ ಬಿಚ್ಚುವುದು. ರಾತ್ರಿ ಮಣಿಕಟ್ಟು ನೆಟ್ಟಗಿರಲು ಪಟ್ಟಿ ಹಾಕಿಕೊಳ್ಳಬಹುದು. ದಿನವಿಡೀ ಸುತ್ತಿದರೆ ಕೈಗೆ ಗಾಳಿ, ಬಟ್ಟೆ, ನೀರು ಇವುಗಳ ಸ್ಪರ್ಶವೇ ತಪ್ಪಿಹೋಗುತ್ತದೆ. ಆಗ ಬರುವ ಪ್ರತಿ ಸ್ಪರ್ಶವೂ ಹೊಸಬನಂತೆ ಕಾಣುತ್ತದೆ, ನಾಯಿ ಬೊಗಳುತ್ತದೆ. ಒಂದೇ ದಿನಕ್ಕೆ ಪೂರ್ತಿ ಬಿಚ್ಚಬೇಡಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆಯಿಂದ ಶುರು ಮಾಡಿ ದಿನದಿಂದ ದಿನಕ್ಕೆ ಹೆಚ್ಚಿಸಿ.

ಎರಡನೆಯದು ಸ್ಪರ್ಶದ ಪಾಠ. ಇದಕ್ಕೆ ಖರ್ಚಿಲ್ಲ, ಬೇಕಾದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಉರಿ ಇಲ್ಲದ ಜಾಗದಿಂದ, ಅಂದರೆ ಮೊಣಕೈಗಿಂತ ಮೇಲಿನಿಂದ, ಹತ್ತಿಯಿಂದ ಸವರುತ್ತಾ ಉರಿಯ ಗಡಿಯವರೆಗೆ ಬನ್ನಿ. ಗಡಿಯಲ್ಲಿ ನಿಲ್ಲಿ, ಒಂದು ಬೆರಳಷ್ಟು ಮಾತ್ರ ದಾಟಿ. ಕಣ್ಣಿನಿಂದ ನೋಡುತ್ತಾ, ಇದು ಹತ್ತಿ, ಇದು ಮೆತ್ತಗಿದೆ ಎಂದು ಗಮನಿಸುತ್ತಾ ಮಾಡಿ. ಮೂರರಿಂದ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಹತ್ತಿ ಸಲೀಸಾದ ಮೇಲೆ ಹಳೆಯ ಮೆತ್ತನೆ ಸೀರೆ, ಆಮೇಲೆ ಟವೆಲ್. ಕೈ ಮುಳುಗಿಸುವುದಕ್ಕೆ ಮೊದಲು ಜೋಳದ ಹಿಟ್ಟು, ನಂತರ ರಾಗಿ, ನಂತರ ಅಕ್ಕಿ, ಕೊನೆಗೆ ಕಡಲೆ. ಕಾಳಿನೊಳಗೆ ಒಂದು ಗುಂಡಿ ಹಾಕಿಟ್ಟು ಕಣ್ಣುಮುಚ್ಚಿ ಹುಡುಕಿ ತೆಗೆಯಿರಿ. ಹುಡುಕುವಾಗ ಮಿದುಳಿಗೆ ಬೇರೆ ಕೆಲಸ ಸಿಕ್ಕು ಸ್ಪರ್ಶವನ್ನು ಸ್ಪರ್ಶವಾಗಿಯೇ ಓದಲು ಅದು ಮತ್ತೆ ಕಲಿಯುತ್ತದೆ. ಸ್ಪರ್ಶದ ದಪ್ಪ ಎಳೆಗಳು ಎಚ್ಚರವಾದರೆ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲು ಕಿರಿದಾಗುತ್ತದೆ ಎಂದು 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು ಪ್ರತಿಪಾದಿಸಿದ್ದರು. ಬಡಿದುಕೊಂಡ ಜಾಗವನ್ನು ನಾವು ತಕ್ಷಣ ಸವರಿಕೊಳ್ಳುವುದೂ ಇದಕ್ಕೇ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬರಿಗೂ ಬಳೆಯದೇ ಕಷ್ಟವಿತ್ತು. ಅವರು ಒಂದು ಗಾಜಿನ ಬಳೆಗೆ ಉಲ್ಲನ್ ದಾರ ಸುತ್ತಿ, ದಿನಕ್ಕೆ ಎರಡು ನಿಮಿಷ ಹಾಕಿಕೊಂಡು ತೆಗೆಯುತ್ತಿದ್ದರು. ವಾರಕ್ಕೊಮ್ಮೆ ದಾರದ ಒಂದೊಂದು ಸುತ್ತು ಬಿಚ್ಚುತ್ತಾ ಹೋದರು. ಕೊನೆಯ ಸುತ್ತು ಬಿಚ್ಚಲು ಎರಡೂವರೆ ತಿಂಗಳು ಬೇಕಾಯಿತು. ಆ ಉಪಾಯ ನಾನು ಹೇಳಿಕೊಟ್ಟದ್ದಲ್ಲ, ಅವರದೇ. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಮೂರನೆಯದು ನರವನ್ನು ಜಾರಿಸುವ ವ್ಯಾಯಾಮ. ತೋಳು ಮೈಗೆ ಅಂಟಿಸಿ, ಮೊಣಕೈ ಮಡಚಿರುವಾಗ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ. ಈಗ ಮೊಣಕೈಯನ್ನು ಮೆಲ್ಲಗೆ ಚಾಚುತ್ತಾ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ. ಒಂದು ಕಡೆ ಹಿಗ್ಗಿದಾಗ ಇನ್ನೊಂದು ಕಡೆ ಸಡಿಲ ಬಿಟ್ಟರೆ ನರ ಎಳೆದುಕೊಳ್ಳದೆ ಜಾರುತ್ತದೆ. ಹಗ್ಗವನ್ನು ಎರಡೂ ತುದಿಯಿಂದ ಜಗ್ಗಿದರೆ ಬಿಗಿಯುತ್ತದೆ, ಒಂದು ತುದಿ ಬಿಟ್ಟು ಇನ್ನೊಂದು ಎಳೆದರೆ ಸಲೀಸಾಗಿ ಬರುತ್ತದೆ, ಹಾಗೆ. ಎಂಟು ಹತ್ತು ಸಲ ಸಾಕು, ಕೊನೆಯಲ್ಲಿ ಹಿಡಿದು ನಿಲ್ಲಬೇಡಿ. ಉರಿ ಏರಿ ಕೆಲವು ನಿಮಿಷಗಳಲ್ಲಿ ಇಳಿದರೆ ಪರವಾಗಿಲ್ಲ. ಗಂಟೆಗಟ್ಟಲೆ ಉಳಿದರೆ ಮರುದಿನ ಅರ್ಧ ಮಾಡಿ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿ ಕಲಿಯಿರಿ. ಹಸ್ತಗಳ ನಡುವೆ ಕನ್ನಡಿ ನಿಲ್ಲಿಸಿ, ಎಡಗೈಯನ್ನು ಆಡಿಸುತ್ತಾ ಕನ್ನಡಿಯಲ್ಲಿ ಬಲಗೈಯೇ ನೋವಿಲ್ಲದೆ ಆಡುತ್ತಿರುವಂತೆ ನೋಡುವ ವಿಧಾನವನ್ನೂ ಅವರು ಹೇಳಿಕೊಡಬಹುದು. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕೈ ಕಳೆದುಕೊಂಡವರಿಗಾಗಿ 1990ರ ದಶಕದಲ್ಲಿ ಕಂಡುಹಿಡಿದ ಉಪಾಯ ಅದು, ಈಗ ಸಿಆರ್‌ಪಿಎಸ್ ಇರುವವರಿಗೂ ಬಳಸುತ್ತಾರೆ.

ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸುವುದು, ನರ ಹಿಡಿದು ಎಳೆಸುವುದು ಬೇಡ. ಕೈಯಾರೆ ಕೆರಳಿಸಿದ ಹಾಗಾಗುತ್ತದೆ. ಕಲೆಯ ಮೇಲೆ ನೀವೇ ಮೆತ್ತಗೆ ಎಣ್ಣೆ ಸವರಿಕೊಳ್ಳಬಹುದು. ಎಲ್ಲಾದರೂ ಸ್ಪರ್ಶ ಮಂದವಾಗಿದ್ದರೆ ಆ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಸುಟ್ಟರೂ ತಿಳಿಯುವುದಿಲ್ಲ.

ಮಾತ್ರೆಗಳ ಬಗ್ಗೆ ಚಿಕ್ಕದಾಗಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರದ ಸಾಮಾನ್ಯ ನೋವಿನ ಮಾತ್ರೆಗಳು ನರದ ಉರಿಗೆ ಹೆಚ್ಚು ನಾಟುವುದಿಲ್ಲ. ತಿಂಗಳುಗಟ್ಟಲೆ ಐಬುಪ್ರೊಫೆನ್ ನುಂಗಿದರೆ ಹೊಟ್ಟೆ, ಕಿಡ್ನಿಗೆ ಕೇಡು. ಈ ಉರಿಗೆ ಕೊಡುವುದು ಬೇರೆ ಔಷಧಿಗಳು: ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಇಲ್ಲವೇ ಡ್ಯುಲೊಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಚೀಟಿ ನೋಡಿದ ಮೆಡಿಕಲ್ ಶಾಪಿನವರು ‘ಇದು ಡಿಪ್ರೆಶನ್ ಮಾತ್ರೆ’ ಎಂದರೆ ಬೇಸರ ಬೇಡ. ಬೆನ್ನುಹುರಿಗೆ ಮಿದುಳಿನಿಂದ ಇಳಿದುಬರುವ ನೋವು ತಡೆಯುವ ಸಂಕೇತಗಳನ್ನು ಬಲಪಡಿಸುವುದಕ್ಕೆ ಅದನ್ನು ಕೊಡುತ್ತಾರೆ. ಗುಣ ತಿಳಿಯಲು ಕೆಲವು ವಾರ ಬೇಕು. ಬಾಯಿ ಒಣಗುವುದು, ಮಂಪರು, ಮಲಬದ್ಧತೆ ಆಗಬಹುದು. ಹೃದಯದ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದರೆ ಮೊದಲೇ ಹೇಳಿ. ಯಾವುದನ್ನೂ ತಟ್ಟನೆ ನಿಲ್ಲಿಸಬೇಡಿ. ‘ನರದ ಶಕ್ತಿ’ ಎಂದು ಕೊಡುವ ವಿಟಮಿನ್ ಮಾತ್ರೆಗಳು ಕೊರತೆ ಇದ್ದವರಿಗೆ ಸರಿ. ಕೊರತೆ ಇಲ್ಲದೆ ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಅದೇ ನರಕ್ಕೆ ಹಾನಿ ಮಾಡುತ್ತದೆ.

ಇನ್ನು ರೊಟ್ಟಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ, ಏಕೆಂದರೆ ಅದು ನಿಮ್ಮ ಅನ್ನದ ದಾರಿ. ಕೆಲಸಗಾರ ಕೈಗಳಲ್ಲಿ ನಾನು ಪದೇಪದೇ ನೋಡುವ ತಪ್ಪು ಒಂದು: ನೋವು ಕಮ್ಮಿಯಿದ್ದ ದಿನ ಬಾಕಿಯನ್ನೆಲ್ಲ ತೀರಿಸುವಂತೆ ದುಡಿಯುವುದು, ಮರುದಿನ ಕೈ ಎತ್ತಲಾರದೆ ಮಲಗುವುದು. ಹೀಗೆ ಏರಿಳಿದರೆ ನರಕ್ಕೆ ಪಾಠವೇ ಸಿಗುವುದಿಲ್ಲ. ಕೆಟ್ಟ ದಿನದಲ್ಲೂ ಉರಿ ಏರದೆ ಎಷ್ಟು ರೊಟ್ಟಿ ಬಡಿಯಬಲ್ಲಿರಿ ಎಂದು ಮೂರು ದಿನ ಎಣಿಸಿ. ಆರು ಎಂದಾದರೆ ಐದರಿಂದ ಶುರು ಮಾಡಿ. ಚೆನ್ನಾಗಿರುವ ದಿನವೂ ಐದೇ, ಕೆಟ್ಟ ದಿನವೂ ಐದೇ. ಮೂರು ನಾಲ್ಕು ದಿನಕ್ಕೊಂದರಂತೆ ಹೆಚ್ಚಿಸಿ. ಮೊದಲು ಎಡಗೈಗೂ ಪಾಲು ಕೊಡಿ. ಹಿಟ್ಟು ನಾದುವ ಕೆಲಸ ಸದ್ಯಕ್ಕೆ ಬೇರೆಯವರು ಮಾಡಲಿ, ಅದರಲ್ಲಿ ಮಣಿಕಟ್ಟಿನ ಮೇಲೆ ಮೈಭಾರವೆಲ್ಲ ಬೀಳುತ್ತದೆ. ರೊಟ್ಟಿ ಬಡಿಯುವ ಹಲಗೆಯ ಕೆಳಗೆ ದಪ್ಪ ಗೋಣಿ ಮಡಚಿ ಹಾಕಿದರೆ ಅದುರು ಕಮ್ಮಿ. ಹಲಗೆ ಮೊಣಕೈ ಮಟ್ಟಕ್ಕೆ ಹತ್ತಿರವಿದ್ದರೆ ಮಣಿಕಟ್ಟು ಅಷ್ಟು ಹಿಂದಕ್ಕೆ ಬಾಗಬೇಕಾಗಿಲ್ಲ, ಬಡಿತ ಮೊಣಕೈಯಿಂದ ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಹಂಚಿನ ಮುಂದಿನ ಕೆಲಸಕ್ಕೆ ಬದಲಾಯಿಸಿಕೊಳ್ಳಿ. ಇನ್ನೂರಕ್ಕೆ ಮರಳುತ್ತೀರೆಂದು ನಾನು ಮಾತು ಕೊಡಲಾರೆ. ಇಂಥ ಉರಿ ಇಳಿಯಲು ತಿಂಗಳುಗಳು ಹಿಡಿಯುತ್ತವೆ, ಕೆಲವರಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಆದರೆ ಕೈ ಬಳಸುತ್ತಾ ಬಂದವರು ಕೈಯನ್ನು ಕಟ್ಟಿಟ್ಟುಕೊಂಡವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ಕೆಲಸ ಮಾಡಿ. ಬಿಳಿ ಹಾಳೆಯ ಮೇಲೆ ಬಲಗೈ ಇಟ್ಟು ಮೊಣಕೈವರೆಗೆ ಸುತ್ತ ಗೆರೆ ಎಳೆಯಿರಿ, ಮಗಳೋ ಮಗನೋ ಎಳೆದುಕೊಟ್ಟರೂ ಸರಿ. ಉರಿ ಇರುವಲ್ಲಿ ಗೀಟು, ಮುಟ್ಟಿದರೆ ತಾಳಲಾರದ ಜಾಗಕ್ಕೆ ಚುಕ್ಕಿ, ಸ್ಪರ್ಶ ಮಂದವಾದ ಜಾಗಕ್ಕೆ ಸೊನ್ನೆ ಹಾಕಿ. ಕೆಳಗೆ ತಾರೀಖು, ಆ ದಿನ ಬಡಿದ ರೊಟ್ಟಿಯ ಲೆಕ್ಕ, ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಎಂದು ಬರೆಯಿರಿ. ಹದಿನೈದು ದಿನಕ್ಕೊಂದರಂತೆ ಮಾಡಿ ಇಟ್ಟುಕೊಳ್ಳಿ. ನರದ ಟೆಸ್ಟಿನ ರಿಪೋರ್ಟ್ ಜೊತೆಗೆ ಈ ಹಾಳೆಗಳನ್ನೂ ಮೇಜಿನ ಮೇಲೆ ಇಡಿ. ಕಲೆಯ ಮೇಲೆ ತಟ್ಟಿ ನೋಡಿ, ಮೊಣಕೈ ಮುಟ್ಟಿ ನೋಡಿ, ಕತ್ತು ತಿರುಗಿಸಿ ನೋಡಿ ಎಂದು ಕೇಳಲು ಸಂಕೋಚ ಬೇಡ.